ಎರಡು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ಸರಿಯಾಗಿ ಹೋಲಿಸುವುದು ಹೇಗೆ? ರೈಝೆನ್ 5 7600 ಮತ್ತು ಕೋರ್ ಐ5-14400ಎಫ್ ಇಟ್ಟುಕೊಂಡು ಹಂತ ಹಂತದ ಮಾರ್ಗದರ್ಶಿ

ಎರಡು ಪ್ರೊಸೆಸರ್‌ಗಳ ಹೆಸರನ್ನು ಗೂಗಲ್‌ಗೆ ಹಾಕಿ, ಮೊದಲು ಸಿಕ್ಕ ಪುಟದಲ್ಲಿ ಯಾವುದರ ಅಂಕ ಹೆಚ್ಚಿದೆಯೋ ಅದನ್ನೇ ಕೊಂಡು, ಜೋಡಿಸಿದ ಮೇಲೆ ಆ ವೇಗ ಸಿಗದೆ ತಲೆ ಕೆಡಿಸಿಕೊಳ್ಳುವವರು ಬಹಳ ಮಂದಿ. ಹೆಚ್ಚಿನ ಸಲ ಪ್ರೊಸೆಸರ್‌ನಲ್ಲಿ ದೋಷ ಇರುವುದಿಲ್ಲ. ಬೇರೆ ಬೇರೆ ಸ್ಥಿತಿಯಲ್ಲಿ ಬಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟಿದ್ದೇ ತಪ್ಪಾಗಿರುತ್ತದೆ. ಒಂದರ ರ‍್ಯಾಮ್ ವೇಗ ಬೇರೆ, ಇನ್ನೊಂದರ ವಿದ್ಯುತ್ ಮಿತಿ ತೆಗೆದುಹಾಕಿದ್ದು, ಮತ್ತೊಂದರ ಕೂಲರ್ ದುಬಾರಿಯದ್ದು.

ಇಲ್ಲಿ ಉದಾಹರಣೆಗೆ ಎಎಂಡಿಯ ರೈಝೆನ್ 5 7600 ಮತ್ತು ಇಂಟೆಲ್‌ನ ಕೋರ್ ಐ5-14400ಎಫ್ ತೆಗೆದುಕೊಂಡಿದ್ದೇವೆ. ಮಧ್ಯಮ ಬಜೆಟ್‌ನಲ್ಲಿ ಪಿಸಿ ಕಟ್ಟಿಸುವವರು ಸಾಮಾನ್ಯವಾಗಿ ಇಂಥ ಎರಡರ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇದೇ ಕ್ರಮ ಬೇರೆ ಯಾವ ಜೋಡಿಗೂ ಆಗುತ್ತದೆ. ಎರಡೂ ಚಿಪ್ ಕೈಯಲ್ಲಿದ್ದರೆ ಎಲ್ಲ ಹಂತಗಳನ್ನೂ ಮಾಡಿ. ಕೊಳ್ಳುವ ಮುಂಚೆ ಇತರರ ಪರೀಕ್ಷೆಗಳನ್ನು ಓದಿ ತೀರ್ಮಾನಿಸುವವರಾದರೆ 1, 2, 3, 7 ಮತ್ತು 8ನೇ ಹಂತ ಮುಖ್ಯ. ಉಳಿದವು ಆ ಪರೀಕ್ಷೆಗಳು ನಂಬಲರ್ಹವೇ ಎಂದು ತಿಳಿಯಲು ನೆರವಾಗುತ್ತವೆ.

## ಬೇಕಾದ ಸಾಮಾನು ಮತ್ತು ತಂತ್ರಾಂಶ

ಚಿಪ್ ವಿವರ ನೋಡಲು ಸಿಪಿಯು-ಝಡ್, ತಾಪ ಮತ್ತು ವಿದ್ಯುತ್ ನೋಡಲು ಎಚ್‌ಡಬ್ಲ್ಯುಇನ್ಫೊ64, ವೇಗ ಅಳೆಯಲು (ಬೆಂಚ್‌ಮಾರ್ಕ್) ಸಿನೆಬೆಂಚ್ ಆರ್23, 7-ಝಿಪ್, ಬ್ಲೆಂಡರ್ ಬೆಂಚ್‌ಮಾರ್ಕ್, ಗೇಮ್‌ಗಳಿಗೆ ಕ್ಯಾಪ್‌ಫ್ರೇಮ್‌ಎಕ್ಸ್. ಇವೆಲ್ಲ ಉಚಿತವಾಗಿ ಸಿಗುತ್ತವೆ. ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್, ಕೋಣೆಯ ತಾಪ ನೋಡಲು ಒಂದು ಥರ್ಮಾಮೀಟರ್, ಥರ್ಮಲ್ ಪೇಸ್ಟ್, ಬರೆದಿಡಲು ಒಂದು ಎಕ್ಸೆಲ್ ಹಾಳೆ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಪವರ್ ಸಪ್ಲೈ ಎರಡಕ್ಕೂ ಅವವೇ ಇರಬೇಕು. ಕೂಲರ್ ಕೂಡ ಒಂದೇ ಆಗಬೇಕೆಂದರೆ ಎಎಂ5 (ರೈಝೆನ್ ಕೂರುವ ಸಾಕೆಟ್) ಮತ್ತು ಎಲ್‌ಜಿಎ1700 (ಐ5 ಕೂರುವ ಸಾಕೆಟ್) ಎರಡರ ಬ್ರಾಕೆಟ್ ಜೊತೆಗೆ ಬರುವ ಟವರ್ ಕೂಲರ್ ನೋಡಿಕೊಳ್ಳಿ.

## ಹಂತ 1: ನಿಮ್ಮ ಕೆಲಸವನ್ನು ಪಾಲು ಹಾಕಿ

ಅಂಕಿ ನೋಡುವ ಮುಂಚೆಯೇ ಇದನ್ನು ಬರೆದಿಡಿ. ಆಮೇಲೆ ಬರೆದರೆ, ಮನಸ್ಸಿಗೆ ಹಿಡಿಸಿದ ಚಿಪ್‌ಗೆ ಒಪ್ಪುವಂತೆ ಪಾಲು ತಾನಾಗಿಯೇ ಬದಲಾಗಿಬಿಡುತ್ತದೆ.

ವಾರದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಾಯುತ್ತೀರಿ ಎಂಬುದೇ ಅಳತೆ. ಟ್ಯಾಲಿ, ಬ್ರೌಸರ್, ಟೈಪಿಂಗ್ ಕೆಲಸಕ್ಕೆ ಒಂದೇ ಕೋರ್‌ನ (ಚಿಪ್ ಒಳಗೆ ಲೆಕ್ಕ ಮಾಡುವ ಒಂದು ಘಟಕದ) ವೇಗ ಮುಖ್ಯ. ವಿಡಿಯೊ ಎಕ್ಸ್‌ಪೋರ್ಟ್, ಬ್ಲೆಂಡರ್ ರೆಂಡರ್, ದೊಡ್ಡ ಕೋಡ್ ಕಂಪೈಲ್ ಇವಕ್ಕೆ ಎಲ್ಲ ಕೋರ್‌ಗಳ ಒಟ್ಟು ಬಲ ಬೇಕು. ಗೇಮ್‌ಗೆ ಒಂದು ಕೋರ್‌ನ ವೇಗದ ಜೊತೆ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಸ್ಮರಣೆ) ಮತ್ತು ರ‍್ಯಾಮ್ ಸ್ಪಂದಿಸುವ ವೇಗವೂ ಸೇರುತ್ತದೆ. ‘ವಿಡಿಯೊ 50, ಗೇಮ್ 30, ದಿನಬಳಕೆ 20’ ಎಂಬಂತೆ ಶೇಕಡಾವಾರು ಬರೆಯಿರಿ. ಈ ಪಾಲು 8ನೇ ಹಂತದಲ್ಲಿ ಬೇಕಾಗುತ್ತದೆ.

## ಹಂತ 2: ಪೂರ್ತಿ ಮಾದರಿ ಹೆಸರು ಖಚಿತಪಡಿಸಿಕೊಳ್ಳಿ

‘ಐ5’, ‘ರೈಝೆನ್ 5’ ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಹೆಸರಿನ ಕೊನೆಯ ಅಕ್ಷರದಲ್ಲೇ ಹಣ ಹೋಗುವುದು.

ಇಂಟೆಲ್‌ನಲ್ಲಿ ‘ಎಫ್’ ಎಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ‘ಕೆ’ ಎಂದರೆ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಬಹುದು. ‘ಟಿ’ ಎಂದರೆ ಕಡಿಮೆ ವಿದ್ಯುತ್ತಿನ, ನಿಧಾನದ ಮಾದರಿ. ಎಎಂಡಿಯಲ್ಲಿ ‘ಎಕ್ಸ್3ಡಿ’ ಎಂದರೆ ಎಲ್3 ಕ್ಯಾಶ್ ಹೆಚ್ಚು, ‘ಜಿ’ ಎಂದರೆ ಒಳಗಿನ ಗ್ರಾಫಿಕ್ಸ್ ಬಲವಾದದ್ದು.

ಸಂಖ್ಯೆ ಹತ್ತಿರ ಇದ್ದ ಮಾತ್ರಕ್ಕೆ ಒಳಗಿನ ಚಿಪ್ ಒಂದೇ ಎಂದುಕೊಳ್ಳಬೇಡಿ. ರೈಝೆನ್ 5 5600ರಲ್ಲಿ 32 ಎಂಬಿ ಎಲ್3 ಮತ್ತು ಪಿಸಿಐಇ (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಸೇರುವ ದಾರಿ) 4.0 ಇದೆ. 5500ರಲ್ಲಿ ಇರುವುದು 16 ಎಂಬಿ ಮತ್ತು ಪಿಸಿಐಇ 3.0. ರೈಝೆನ್ 7 5700ಎಕ್ಸ್ ಮತ್ತು ಬರೀ 5700ರ ನಡುವೆಯೂ ಇದೇ ಕಥೆ. ಒಂದು ‘ಎಕ್ಸ್’ ಬಿಟ್ಟುಹೋದರೆ ಎಲ್3 ಕ್ಯಾಶ್ ಅರ್ಧಕ್ಕೆ ಇಳಿಯುತ್ತದೆ. ಅಂಗಡಿಯ ಕೊಟೇಶನ್‌ನಲ್ಲಿ ಬರೀ ‘ರೈಝೆನ್ 7 ಪಿಸಿ’ ಎಂದಿದ್ದರೆ ಪೂರ್ತಿ ಮಾದರಿ ಸಂಖ್ಯೆ ಬರೆಸಿಕೊಳ್ಳದೆ ಮುಂದುವರಿಯಬೇಡಿ.

## ಹಂತ 3: ವಿವರಗಳನ್ನು ಒಂದೇ ಅಳತೆಗೆ ತನ್ನಿ

ವಿವರ ತೆಗೆದುಕೊಳ್ಳಬೇಕಾದ್ದು ಎಎಂಡಿ ಮತ್ತು ಇಂಟೆಲ್‌ನ ಅಧಿಕೃತ ಉತ್ಪನ್ನ ಪುಟಗಳಿಂದ. ಮಾರಾಟ ತಾಣಗಳ ವಿವರಪಟ್ಟಿಗಳಲ್ಲಿ ತಪ್ಪು ಸಾಮಾನ್ಯ.

| ವಿವರ | ರೈಝೆನ್ 5 7600 | ಕೋರ್ ಐ5-14400ಎಫ್ |
|---|---|---|
| ಬಿಡುಗಡೆ | ಜನವರಿ 2023 | ಜನವರಿ 2024 |
| ಕೋರ್ / ಥ್ರೆಡ್ | 6 / 12 | 10 (6 ಪಿ + 4 ಇ) / 16 |
| ಮೂಲ ವೇಗ, ಗಿಗಾಹರ್ಟ್ಸ್ | 3.8 | ಪಿ 2.5, ಇ 1.8 |
| ಗರಿಷ್ಠ ಬೂಸ್ಟ್, ಗಿಗಾಹರ್ಟ್ಸ್ | 5.1 | ಪಿ 4.7, ಇ 3.5 |
| ಎಲ್2 ಕ್ಯಾಶ್ | 6 ಎಂಬಿ | 9.5 ಎಂಬಿ |
| ಎಲ್3 ಕ್ಯಾಶ್ | 32 ಎಂಬಿ | 20 ಎಂಬಿ |
| ವಿದ್ಯುತ್ | ಟಿಡಿಪಿ 65 ವಾಟ್, ಪಿಪಿಟಿ 88 ವಾಟ್ | ಬೇಸ್ 65 ವಾಟ್, ಟರ್ಬೊ 148 ವಾಟ್ |
| ಅಧಿಕೃತ ರ‍್ಯಾಮ್ | ಡಿಡಿಆರ್5-5200 | ಡಿಡಿಆರ್5-4800 ಅಥವಾ ಡಿಡಿಆರ್4-3200 |
| ಸಾಕೆಟ್ | ಎಎಂ5 | ಎಲ್‌ಜಿಎ1700 |
| ಒಳಗಿನ ಗ್ರಾಫಿಕ್ಸ್ | ಇದೆ, ಸಣ್ಣದು | ಇಲ್ಲ |
| ತಾಪದ ಮಿತಿ | 95 ಡಿಗ್ರಿ | 100 ಡಿಗ್ರಿ |

ಈ ಕೋಷ್ಟಕದಲ್ಲಿ ನಾಲ್ಕು ಕಡೆ ಎಡವುತ್ತಾರೆ.

ಕೋರ್ ಎಣಿಕೆ. 10 ಕೋರ್ 6ಕ್ಕಿಂತ ದೊಡ್ಡದು ಎಂದು ನೇರವಾಗಿ ಹೇಳಲಾಗದು. ಇಂಟೆಲ್‌ನ 4 ಇ-ಕೋರ್‌ಗಳು ಚಿಕ್ಕವು, 3.5 ಗಿಗಾಹರ್ಟ್ಸ್‌ಗೇ ನಿಲ್ಲುತ್ತವೆ, ಒಂದಕ್ಕೆ ಒಂದೇ ಥ್ರೆಡ್ (ಒಂದೇ ಸಮಯಕ್ಕೆ ನಡೆಸಬಲ್ಲ ಕೆಲಸದ ಎಳೆ). 6 ಪಿ-ಕೋರ್‌ಗಳಿಂದ (ದೊಡ್ಡ, ವೇಗದ ಕೋರ್‌ಗಳು) 12, ಇ-ಕೋರ್‌ಗಳಿಂದ 4, ಹೀಗೆ 16 ಥ್ರೆಡ್. ರೆಂಡರ್‌ನಂಥ ಕೆಲಸಕ್ಕೆ ಇ-ಕೋರ್‌ಗಳು ನಿಜವಾಗಿ ನೆರವಾಗುತ್ತವೆ. ಹೆಚ್ಚಿನ ಗೇಮ್‌ಗಳಲ್ಲಿ ಭಾರ ಬೀಳುವುದು ಪಿ-ಕೋರ್‌ಗಳ ಮೇಲೆಯೇ.

ಗಿಗಾಹರ್ಟ್ಸ್. ಚಿಪ್‌ನ ಒಳವಿನ್ಯಾಸ ಬೇರೆಯಾದಾಗ ಒಂದು ಗಿಗಾಹರ್ಟ್ಸ್‌ನಲ್ಲಿ ನಡೆಯುವ ಕೆಲಸದ ಪ್ರಮಾಣವೂ ಬೇರೆ. ಒಂದೇ ತಲೆಮಾರಿನ ಒಂದೇ ಕಂಪನಿಯ ಚಿಪ್‌ಗಳ ನಡುವೆ ಮಾತ್ರ ಈ ಅಂಕಿಗೆ ನೇರ ಬೆಲೆ ಇದೆ.

ಕ್ಯಾಶ್. ಎಎಂಡಿ ಜಾಹೀರಾತಿನಲ್ಲಿ 7600ಕ್ಕೆ 38 ಎಂಬಿ ಕ್ಯಾಶ್ ಎಂದು ಕಂಡರೆ ಅದು ಎಲ್2 ಮತ್ತು ಎಲ್3 ಕೂಡಿಸಿದ್ದು. ಇಂಟೆಲ್‌ನ ‘ಸ್ಮಾರ್ಟ್ ಕ್ಯಾಶ್’ 20 ಎಂಬಿ ಎಂಬುದು ಎಲ್3 ಮಾತ್ರ. 38ನ್ನು 20ರ ಜೊತೆ ಹೋಲಿಸುವುದು ತಪ್ಪು. 32ನ್ನು 20ರ ಜೊತೆ ಹೋಲಿಸಿ.

65 ವಾಟ್. ಎರಡರ ವಿವರದಲ್ಲೂ 65 ಇದೆ (ಎಎಂಡಿ ಅದನ್ನು ಟಿಡಿಪಿ, ಇಂಟೆಲ್ ಬೇಸ್ ಎನ್ನುತ್ತದೆ), ಆದರೆ ಎರಡೂ ಒಂದೇ ಅಲ್ಲ. 7600 ಪೂರ್ಣ ಭಾರದಲ್ಲಿ 88 ವಾಟ್‌ವರೆಗೆ (ಇದೇ ಪಿಪಿಟಿ) ಹೋಗಿ ಅಲ್ಲೇ ನಿಲ್ಲುತ್ತದೆ. 14400ಎಫ್ ಸ್ವಲ್ಪ ಹೊತ್ತು 148 ವಾಟ್‌ವರೆಗೆ ಹೋಗಲು ಅನುಮತಿ ಇದೆ, ಇಂಟೆಲ್‌ನ ಲೆಕ್ಕದಂತೆ 28 ಸೆಕೆಂಡಿನ ಅವಧಿಯ ನಂತರ 65ಕ್ಕೆ ಇಳಿಯಬೇಕು. ಬಹಳಷ್ಟು ಮದರ್‌ಬೋರ್ಡ್‌ಗಳು ಈ ಮಿತಿಯನ್ನು ತಾವೇ ತೆಗೆದುಹಾಕಿರುತ್ತವೆ. ಅದಕ್ಕೇ ಒಂದೇ ಚಿಪ್‌ಗೆ ಒಬ್ಬರ ಅಂಕ ಇನ್ನೊಬ್ಬರದಕ್ಕಿಂತ ಅಷ್ಟು ಬೇರೆ ಬರುವುದು.

## ಹಂತ 4: ಎರಡನ್ನೂ ಸಮಸ್ಥಿತಿಗೆ ತನ್ನಿ

ಅಳತೆಗಿಂತ ಹೆಚ್ಚು ಸಮಯ ಇಲ್ಲಿ ಕೊಡಿ. ಕ್ರಮ ತಪ್ಪಿಸಬೇಡಿ.

1. ಎರಡೂ ಮದರ್‌ಬೋರ್ಡ್‌ಗಳ ಬಯೋಸ್ (ಬೋರ್ಡ್‌ನ ಒಳ ತಂತ್ರಾಂಶ) ಹೊಸದಕ್ಕೆ ಏರಿಸಿ. ಹಳೆಯ 600 ಸರಣಿಯ ಇಂಟೆಲ್ ಬೋರ್ಡ್‌ನಲ್ಲಿ ಬಯೋಸ್ ಏರಿಸದೆ 14400ಎಫ್ ಹಾಕಿದರೆ ಪಿಸಿ ಶುರುವೇ ಆಗದಿರಬಹುದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆ ಮಾದರಿಗಳು, ಐ7, ಐ9 ಹೋಲಿಸುತ್ತಿದ್ದರೆ ಇದು ಇನ್ನೂ ಅಗತ್ಯ. ಅವುಗಳ ವೋಲ್ಟೇಜ್ ದೋಷಕ್ಕೆ 2024ರಲ್ಲಿ ಬಂದ 0ಎಕ್ಸ್12ಬಿ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳ ಸೂಚನೆಗಳ ತಿದ್ದುಪಡಿ) ಅಥವಾ ಅದಕ್ಕಿಂತ ಹೊಸದು ಬಯೋಸ್‌ನಲ್ಲಿ ಇರಲೇಬೇಕು.

2. ರ‍್ಯಾಮ್ ಎರಡು ಕಡ್ಡಿ ಇರಲಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಪ್ರೊಸೆಸರ್‌ನಿಂದ ಎಣಿಸಿದರೆ 2 ಮತ್ತು 4ನೇ ಸ್ಲಾಟ್‌ಗೆ ಹಾಕಿ. ಒಂದೇ ಕಡ್ಡಿ ಹಾಕಿ ಅಳೆದ ಗೇಮ್ ಅಂಕಿಗಳನ್ನು ಕಸಕ್ಕೆ ಹಾಕಬಹುದು.

3. ಬಯೋಸ್‌ನಲ್ಲಿ ಎಎಂಡಿಗೆ ಎಕ್ಸ್‌ಪೊ, ಇಂಟೆಲ್‌ಗೆ ಎಕ್ಸ್‌ಎಂಪಿ ಆನ್ ಮಾಡಿ. ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸಿದ್ಧ ಪ್ರೊಫೈಲ್‌ಗಳು ಇವು. ಇದನ್ನು ಮರೆಯುವವರೇ ಹೆಚ್ಚು. 6000ದ ರ‍್ಯಾಮ್ ಕೊಂಡು 4800ರಲ್ಲಿ ಓಡಿಸುತ್ತಿರುತ್ತಾರೆ. ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ 6000ದ ರ‍್ಯಾಮ್‌ಗೆ 3000 ಮೆಗಾಹರ್ಟ್ಸ್ ಎಂದು ಕಾಣಬೇಕು. ಅರ್ಧ ತೋರಿಸುವುದೇ ಅಲ್ಲಿನ ಪದ್ಧತಿ. 2400 ಕಂಡರೆ ಪ್ರೊಫೈಲ್ ಆನ್ ಆಗಿಲ್ಲ. ಇಂಟೆಲ್‌ನ ಅಗ್ಗದ ಎಚ್610 ಚಿಪ್‌ಸೆಟ್ ಬೋರ್ಡ್‌ನಲ್ಲಿ ರ‍್ಯಾಮ್ ಓವರ್‌ಕ್ಲಾಕ್ ಇಲ್ಲದ ಕಾರಣ 6000ಕ್ಕೆ ಹೋಗುವುದೇ ಇಲ್ಲ. ಹೋಲಿಕೆಗೆ ಬಿ760 ಬಳಸಿ.

4. ಪ್ರೊಸೆಸರ್‌ನ ವಿದ್ಯುತ್ ಮಿತಿಯನ್ನು ಕಂಪನಿ ಹೇಳಿದ್ದಕ್ಕೆ ಕಟ್ಟಿ: ಇಂಟೆಲ್‌ನಲ್ಲಿ ಪಿಎಲ್1 (ದೀರ್ಘಕಾಲದ ಮಿತಿ) 65, ಪಿಎಲ್2 (ಅಲ್ಪಕಾಲದ ಮಿತಿ) 148, ಎಎಂಡಿಯಲ್ಲಿ ಪಿಬಿಒ (ಮಿತಿ ಮೀರಿ ಬೂಸ್ಟ್ ಮಾಡುವ ಆಯ್ಕೆ) ಆಫ್. ಮಿತಿ ತೆಗೆದ ಅಂಕವೂ ಬೇಕಿದ್ದರೆ ಬೇರೆ ಸಾಲಿನಲ್ಲಿ ಬರೆಯಿರಿ.

5. ವಿಂಡೋಸ್ ಹೊಸದಾಗಿ ಹಾಕಿ, ಚಿಪ್‌ಸೆಟ್ ಡ್ರೈವರ್ ಹಾಕಿ, ಅಪ್‌ಡೇಟ್ ಮುಗಿಸಿ. ವಿಂಡೋಸ್ ಭದ್ರತೆಯಲ್ಲಿರುವ ಕೋರ್ ಐಸೊಲೇಶನ್‌ನ ಮೆಮೊರಿ ಇಂಟೆಗ್ರಿಟಿ ಆಯ್ಕೆ ಎರಡರಲ್ಲೂ ಆನ್ ಇರಲಿ ಅಥವಾ ಎರಡರಲ್ಲೂ ಆಫ್ ಇರಲಿ. ಒಂದರಲ್ಲಿ ಮಾತ್ರ ಆನ್ ಇದ್ದರೆ ಗೇಮ್‌ಗಳ ಫಲಿತಾಂಶ ಓರೆಯಾಗುತ್ತದೆ.

ಎಎಂ5 ಬೋರ್ಡ್‌ನಲ್ಲಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇದ್ದು, ಬೋರ್ಡ್ ಮೇಲಿನ ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ. ರ‍್ಯಾಮ್ ಅನ್ನು ಹೊಂದಿಸಿಕೊಳ್ಳುವ ಕೆಲಸ ಅದು. ಹೆದರಿ ಮಧ್ಯದಲ್ಲಿ ಸ್ವಿಚ್ ಆರಿಸಬೇಡಿ, ಆರಿಸಿದರೆ ಮತ್ತೆ ಮೊದಲಿನಿಂದ ಶುರು.

ಕೋಣೆಯ ತಾಪವನ್ನೂ ಬರೆಯಿರಿ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಒಂದನ್ನು, ರಾತ್ರಿ ಎಸಿ ಹಾಕಿ ಇನ್ನೊಂದನ್ನು ಅಳೆದರೆ ಅದು ಹವಾಮಾನದ ಹೋಲಿಕೆಯಾಗುತ್ತದೆ. ಕೋಣೆಯ ತಾಪದ ಅಂತರ 2 ಡಿಗ್ರಿ ಮೀರದಂತೆ ನೋಡಿಕೊಳ್ಳಿ.

## ಹಂತ 5: ಪ್ರೊಸೆಸರ್ ಬಲವನ್ನು ಅಳೆಯಿರಿ

ಪಿಸಿ ಆನ್ ಆಗಿ 10 ನಿಮಿಷ ಸುಮ್ಮನೆ ಬಿಡಿ, ಹಿನ್ನೆಲೆಯ ಕೆಲಸಗಳು ತಣ್ಣಗಾಗಲಿ. ಎಚ್‌ಡಬ್ಲ್ಯುಇನ್ಫೊ64ನ್ನು ಸೆನ್ಸರ್ ಮಾತ್ರ ತೋರಿಸುವಂತೆ ತೆರೆದು, ಸಿನೆಬೆಂಚ್ ಆರ್23ರ ಮಲ್ಟಿಕೋರ್ ಪರೀಕ್ಷೆಯನ್ನು 10 ನಿಮಿಷದ ಆಯ್ಕೆಯಲ್ಲೇ ಓಡಿಸಿ. ಒಂದೇ ಸುತ್ತು ಓಡಿಸಿದರೆ 14400ಎಫ್‌ನ ಆರಂಭದ ಬೂಸ್ಟ್ ಮಾತ್ರ ಕಾಣುತ್ತದೆ. ಅರ್ಧ ಗಂಟೆಯ ಎಕ್ಸ್‌ಪೋರ್ಟ್‌ನಲ್ಲಿ ನಿಮಗೆ ಸಿಗುವುದು 10ನೇ ನಿಮಿಷದ ವೇಗ.

7600ಕ್ಕೆ ಮಲ್ಟಿಕೋರ್ ಅಂಕ 14 ಸಾವಿರದ ಆಸುಪಾಸಿನಲ್ಲಿ, ಮಿತಿ ತೆಗೆದ 14400ಎಫ್‌ಗೆ 16 ಸಾವಿರದ ಆಸುಪಾಸಿನಲ್ಲಿ ಬರುವುದು ವಾಡಿಕೆ. ಒಂದೇ ಕೋರ್‌ನ ಪರೀಕ್ಷೆಯಲ್ಲಿ 7600 ಸ್ವಲ್ಪ ಮುಂದಿರುತ್ತದೆ. 65 ವಾಟ್ ಮಿತಿ ಕಟ್ಟಿದ 14400ಎಫ್‌ನ ಅಂಕ ಇದಕ್ಕಿಂತ ಕಡಿಮೆಯೇ ಬರುತ್ತದೆ. ಅದನ್ನು ಬಿಟ್ಟು ನಿಮ್ಮ ಅಂಕ ತೀರಾ ಕೆಳಗಿದ್ದರೆ ಚಿಪ್ ಬಗ್ಗೆ ತೀರ್ಪು ಕೊಡುವ ಮುಂಚೆ 4ನೇ ಹಂತಕ್ಕೆ ಹಿಂತಿರುಗಿ, ವಿದ್ಯುತ್ ಮಿತಿಯಿಂದ ಶುರುಮಾಡಿ. ಸಿನೆಬೆಂಚ್ 2024ರ ಅಂಕವನ್ನು ಆರ್23ರ ಜೊತೆ, ಗೀಕ್‌ಬೆಂಚ್ 5ರದನ್ನು 6ರ ಜೊತೆ ಹೋಲಿಸಬೇಡಿ. ಅವುಗಳ ಅಳತೆಗೋಲೇ ಬೇರೆ.

ಓಡುತ್ತಿರುವಾಗ ಎಚ್‌ಡಬ್ಲ್ಯುಇನ್ಫೊದಲ್ಲಿ ನೋಡಬೇಕಾದ ಸಾಲುಗಳು: ಸಿಪಿಯು ಪ್ಯಾಕೇಜ್ ಪವರ್, ತಾಪ, ಮತ್ತು ‘ಎಫೆಕ್ಟಿವ್ ಕ್ಲಾಕ್’. ಸಾಮಾನ್ಯ ಕ್ಲಾಕ್ ಸಾಲು 5.1 ತೋರಿಸುತ್ತಿದ್ದರೂ ಎಫೆಕ್ಟಿವ್ ಕ್ಲಾಕ್ 4.5 ಇದ್ದರೆ, ಎರಡನೆಯದೇ ನಿಜವಾದ ವೇಗ.

ಆಮೇಲೆ 7-ಝಿಪ್‌ನ ಬೆಂಚ್‌ಮಾರ್ಕ್, ಬ್ಲೆಂಡರ್ ಬೆಂಚ್‌ಮಾರ್ಕ್ ಓಡಿಸಿ. ಕೊನೆಗೆ ನಿಮ್ಮದೇ ಕೆಲಸ: ನೀವೇ ಎಡಿಟ್ ಮಾಡಿದ ಒಂದು ವಿಡಿಯೊ, ಅದೇ ಸೆಟ್ಟಿಂಗ್, ಸೆಕೆಂಡ್ ಲೆಕ್ಕ. ಸಿದ್ಧ ಬೆಂಚ್‌ಮಾರ್ಕ್‌ಗಳೆಲ್ಲಕ್ಕಿಂತ ಈ ಒಂದು ಅಂಕಿಗೆ ಹೆಚ್ಚು ಬೆಲೆ ಕೊಡಿ. ಎಕ್ಸ್‌ಪೋರ್ಟ್ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ಮಾಡುತ್ತಿಲ್ಲ ಎಂಬುದನ್ನು ಮಾತ್ರ ನೋಡಿಕೊಳ್ಳಿ, ಮಾಡುತ್ತಿದ್ದರೆ ಎರಡು ಪ್ರೊಸೆಸರ್‌ಗೂ ಹೆಚ್ಚುಕಡಿಮೆ ಒಂದೇ ಸಮಯ ಬರುತ್ತದೆ.

ಪ್ರತಿ ಪರೀಕ್ಷೆಯನ್ನೂ ಮೂರು ಸಲ ಮಾಡಿ, ನಡುವಿನ ಅಂಕಿ ತೆಗೆದುಕೊಳ್ಳಿ. ಮೂರರ ನಡುವೆಯೇ ಶೇ 3ಕ್ಕಿಂತ ಹೆಚ್ಚು ಏರಿಳಿತ ಇದ್ದರೆ ಹಿನ್ನೆಲೆಯಲ್ಲಿ ಏನೋ ಓಡುತ್ತಿದೆ, ಇಲ್ಲವೇ ಕೂಲರ್ ಸರಿಯಾಗಿ ಕೂತಿಲ್ಲ.

## ಹಂತ 6: ಗೇಮ್‌ಗಳಲ್ಲಿ ಅಳೆಯಿರಿ

ಪರೀಕ್ಷೆಯ ಉದ್ದಕ್ಕೂ ಗ್ರಾಫಿಕ್ಸ್ ಕಾರ್ಡ್ ಬಳಕೆ ಶೇ 97–99 ಇದ್ದರೆ ನೀವು ಅಳೆಯುತ್ತಿರುವುದು ಗ್ರಾಫಿಕ್ಸ್ ಕಾರ್ಡ್ ಅನ್ನು. 4ಕೆಯಲ್ಲಿ, ಅಲ್ಟ್ರಾ ಸೆಟ್ಟಿಂಗ್‌ನಲ್ಲಿ ಎರಡು ಪ್ರೊಸೆಸರ್‌ಗೂ ಒಂದೇ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಬಂತು, ಎರಡೂ ಸಮ ಎಂಬ ತೀರ್ಮಾನಗಳು ಹುಟ್ಟುವುದು ಹೀಗೆಯೇ. ರೆಸಲ್ಯೂಶನ್ 1080ಪಿ ಮಾಡಿ, ಸೆಟ್ಟಿಂಗ್ ಮೀಡಿಯಂಗೆ ಇಳಿಸಿ, ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟುವ ಆಯ್ಕೆ) ಮತ್ತು ಎಫ್‌ಪಿಎಸ್ ಮಿತಿ ತೆಗೆಯಿರಿ. ಕಾರ್ಡ್ ಬಳಕೆ ಶೇ 90ಕ್ಕಿಂತ ಕೆಳಗೆ ಬಂದಾಗ ಪ್ರೊಸೆಸರ್‌ಗಳ ಅಂತರ ಕಾಣತೊಡಗುತ್ತದೆ.

ಗೇಮ್‌ನ ಒಂದೇ ಜಾಗದಲ್ಲಿ ಒಂದೇ ದಾರಿಯಲ್ಲಿ 60 ಸೆಕೆಂಡ್ ಓಡಾಡಿ ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ದಾಖಲಿಸಿ. ಜನ ಹೆಚ್ಚಿರುವ ಪೇಟೆ ಬೀದಿಯಂಥ ಜಾಗ ಆರಿಸಿ. ಗೋಡೆ ನೋಡುತ್ತಾ ನಿಂತರೆ ಪ್ರೊಸೆಸರ್‌ಗೆ ಕೆಲಸವೇ ಇರುವುದಿಲ್ಲ. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಶೇಡರ್ (ದೃಶ್ಯ ಬಿಡಿಸುವ ಸಣ್ಣ ಪ್ರೋಗ್ರಾಂ) ತಯಾರಾಗುವಾಗ ಗೇಮ್ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ ಜೊತೆಗೆ ‘1 ಪರ್ಸೆಂಟ್ ಲೋ’ (ತೀರಾ ನಿಧಾನದ ಶೇ 1 ಫ್ರೇಮ್‌ಗಳ ಹೊತ್ತಿನ ವೇಗ) ಬರೆಯಿರಿ. ಸರಾಸರಿ 140 ಇದ್ದು 1 ಪರ್ಸೆಂಟ್ ಲೋ 60 ಇರುವ ಪಿಸಿಗಿಂತ 125 ಮತ್ತು 95 ಇರುವುದು ಕೈಗೆ ಮೃದುವಾಗಿ ಆಡುತ್ತದೆ.

ಇಷ್ಟೆಲ್ಲ ಮಾಡಿ ಬಂದ ಅಂತರ ನಿಮ್ಮ ಮಾನಿಟರ್‌ನಲ್ಲಿ ಕಾಣುತ್ತದೆಯೇ ಎಂದೂ ಯೋಚಿಸಿ. ಮಾನಿಟರ್ 75 ಹರ್ಟ್ಸ್‌ನದ್ದಾಗಿದ್ದು ಎರಡೂ 100 ದಾಟುತ್ತಿದ್ದರೆ ಗೇಮ್ ಪಾಲಿಗೆ ಇಬ್ಬರೂ ಸಮ.

## ಹಂತ 7: ಪೂರ್ತಿ ಖರ್ಚು ಲೆಕ್ಕ ಹಾಕಿ

ಪ್ರೊಸೆಸರ್ ಬೆಲೆ ಒಂದನ್ನೇ ಹೋಲಿಸಿ ಉಪಯೋಗವಿಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಕೂಲರ್, ಬೇಕಾದಲ್ಲಿ ಗ್ರಾಫಿಕ್ಸ್ ಕಾರ್ಡ್ ಇವನ್ನು ಒಟ್ಟು ಮಾಡಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯ ದರವನ್ನು ಆನ್‌ಲೈನ್ ದರಕ್ಕೆ ಹೋಲಿಸುವಾಗ ಶೇ 18 ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಬಿಲ್ ಇಲ್ಲದ ಕಡಿಮೆ ಬೆಲೆಗೆ ವಾರಂಟಿ ಸಮಯದಲ್ಲಿ ಬೆಲೆ ತೆರಬೇಕಾಗುತ್ತದೆ.

ಈ ಜೋಡಿಯಲ್ಲಿ ಖರ್ಚಿನ ತಕ್ಕಡಿ ಎರಡು ಕಾರಣಕ್ಕೆ ವಾಲುತ್ತದೆ. ಮೊದಲನೆಯದು, ನಿಮ್ಮ ಬಳಿ ಈಗಾಗಲೇ ಒಳ್ಳೆಯ ಡಿಡಿಆರ್4 ಕಡ್ಡಿಗಳಿದ್ದರೆ ಡಿಡಿಆರ್4 ಬಿ760 ಬೋರ್ಡ್ ಜೊತೆ 14400ಎಫ್ ಗಣನೀಯವಾಗಿ ಅಗ್ಗವಾಗುತ್ತದೆ. 7600ಕ್ಕೆ ಡಿಡಿಆರ್5 ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಪರೀಕ್ಷೆಯ ಅಂಕ ಡಿಡಿಆರ್5ರದ್ದು, ಬೆಲೆ ಡಿಡಿಆರ್4ರದ್ದು ಎಂದು ಬೆರೆಸಬೇಡಿ. ಎರಡನೆಯದು, 14400ಎಫ್‌ಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯೇ ಬರುವುದಿಲ್ಲ, ಬೋರ್ಡ್ ಹಿಂದಿನ ಎಚ್‌ಡಿಎಂಐ ಕಿಂಡಿ ಕೆಲಸ ಮಾಡುವುದಿಲ್ಲ. ಕಾರ್ಡ್ ಆಮೇಲೆ ಕೊಳ್ಳುತ್ತೇನೆ ಎನ್ನುವವರಿಗೆ 7600 ಅಥವಾ ‘ಎಫ್’ ಇಲ್ಲದ 14400 ಮಾತ್ರ ಸರಿ.

ಮುಂದೆ ಪ್ರೊಸೆಸರ್ ಬದಲಿಸುವ ಯೋಚನೆ ಇದ್ದರೆ ಸಾಕೆಟ್ ನೋಡಿ. ಎಎಂ5 ಬೋರ್ಡ್‌ಗೆ ರೈಝೆನ್ 9000 ಸರಣಿಯೂ ಕೂರುತ್ತದೆ. ಎಲ್‌ಜಿಎ1700 ದಾರಿ 14ನೇ ತಲೆಮಾರಿಗೆ ಮುಗಿದಿದೆ, 2024ರಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್‌ಗೆ ಎಲ್‌ಜಿಎ1851 ಬೋರ್ಡ್ ಬೇಕು. ಮೂರು ನಾಲ್ಕು ವರ್ಷದ ಬಳಕೆಗೆ ಪಿಸಿ ಕಟ್ಟಿಸುವವರು ಇದಕ್ಕೆ ಒಂದಿಷ್ಟು ಹೆಚ್ಚು ಕೊಟ್ಟರೆ ನಷ್ಟವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕರೆಂಟ್ ಲೆಕ್ಕ ಸರಳ. ವಾಟ್ ಮೀಟರ್‌ನಲ್ಲಿ ಎರಡು ಪಿಸಿಗಳ ನಡುವೆ 40 ವಾಟ್ ಅಂತರ ಕಂಡು, ದಿನಕ್ಕೆ 4 ಗಂಟೆ ಆ ಭಾರ ಇದ್ದರೆ, ತಿಂಗಳಿಗೆ 40 × 4 × 30 ÷ 1000 = 4.8 ಯೂನಿಟ್. ನಿಮ್ಮ ಬಿಲ್‌ನ ದರದಿಂದ ಗುಣಿಸಿ. ಪೂರ್ಣ ಭಾರದಲ್ಲಿ ಮಿತಿ ತೆಗೆದ 14400ಎಫ್ ಹೆಚ್ಚು ಎಳೆದರೂ, ಸುಮ್ಮನೆ ಕೂತಿರುವಾಗ 7600ರ ಪ್ಯಾಕೇಜ್ ಪವರ್ ಹೆಚ್ಚಿರುತ್ತದೆ. ದಿನವಿಡೀ ಆನ್ ಇದ್ದು ಬರೀ ಬಿಲ್ಲಿಂಗ್ ಮಾಡುವ ಅಂಗಡಿ ಪಿಸಿಗೆ ಆ ಎರಡನೆಯ ಅಂಕಿಯೇ ಮುಖ್ಯ.

## ಹಂತ 8: ಅಂಕಿಗಳನ್ನು ತೀರ್ಮಾನಕ್ಕೆ ತಿರುಗಿಸಿ

ಶೇಕಡಾ ಲೆಕ್ಕದಲ್ಲಿ ಯಾವುದು ಆಧಾರ ಎಂದು ಮೊದಲೇ ನಿಗದಿಮಾಡಿ. 100 ಮತ್ತು 120 ಅಂಕಗಳಲ್ಲಿ ಎರಡನೆಯದು ಶೇ 20 ಮುಂದೆ, ಮೊದಲನೆಯದು ಶೇ 16.7 ಹಿಂದೆ. ಸಮಯದ ಲೆಕ್ಕವಾದರೆ 10 ನಿಮಿಷದ ಕೆಲಸ 8 ನಿಮಿಷಕ್ಕೆ ಇಳಿದಾಗ ಸಮಯ ಶೇ 20 ಉಳಿಯಿತು, ವೇಗ ಶೇ 25 ಹೆಚ್ಚಿತು. ಇವನ್ನು ಬೆರೆಸಿದರೆ ಇಡೀ ಹಾಳೆ ತಪ್ಪುತ್ತದೆ.

ಈಗ 1ನೇ ಹಂತದ ಪಾಲು ತೆಗೆಯಿರಿ. ಲೆಕ್ಕದ ರೀತಿ ತೋರಿಸಲು ಮಾತ್ರ ಒಂದು ಕಾಲ್ಪನಿಕ ಉದಾಹರಣೆ: ಚಿಪ್ ‘ಎ’ ಎಲ್ಲದರಲ್ಲೂ 1. ಚಿಪ್ ‘ಬಿ’ ವಿಡಿಯೊದಲ್ಲಿ 1.11, ಗೇಮ್‌ನಲ್ಲಿ 0.90, ದಿನಬಳಕೆಯಲ್ಲಿ 0.97. ಪಾಲು 50-30-20 ಆದರೆ 0.555 + 0.27 + 0.194 = 1.019, ಅಂದರೆ ಬಿ ಶೇ 2 ಮುಂದೆ. ಅದೇ ಚಿಪ್‌ಗಳು, ಪಾಲು ಮಾತ್ರ ವಿಡಿಯೊ 20, ಗೇಮ್ 60, ದಿನಬಳಕೆ 20 ಎಂದು ಬದಲಾದರೆ 0.222 + 0.54 + 0.194 = 0.956, ಈಗ ಬಿ ಶೇ 4ಕ್ಕಿಂತ ಹೆಚ್ಚು ಹಿಂದೆ. ಗೆಳೆಯನಿಗೆ ಒಪ್ಪಿದ ಚಿಪ್ ನಿಮಗೆ ಒಪ್ಪದಿರಲು ಇಷ್ಟು ಸಾಕು.

ಒಟ್ಟು ಅಂತರ ಶೇ 3ರೊಳಗಿದ್ದರೆ ವೇಗವನ್ನು ಮರೆತು 7ನೇ ಹಂತದ ಖರ್ಚು ನೋಡಿ ನಿರ್ಧರಿಸಿ. ಇತರರ ಪರೀಕ್ಷೆಗಳನ್ನು ಬಳಸುತ್ತಿದ್ದರೆ ರ‍್ಯಾಮ್ ವೇಗ, ಬೋರ್ಡ್ ಮಾದರಿ, ವಿದ್ಯುತ್ ಮಿತಿ, ಗ್ರಾಫಿಕ್ಸ್ ಕಾರ್ಡ್ ಇವು ನಾಲ್ಕನ್ನೂ ಹೇಳದ ಪರೀಕ್ಷೆಯನ್ನು ಹಾಳೆಗೆ ಸೇರಿಸಬೇಡಿ. ಎರಡು ಚಿಪ್‌ಗಳ ಅಂಕ ಒಬ್ಬರೇ ಪರೀಕ್ಷಕರಿಂದ ಬಂದಿರಬೇಕು.

## ಅಪಾಯದ ಸೂಚನೆಗಳು

ಡಬ್ಲ್ಯುಎಚ್‌ಇಎ ದೋಷ (ವಿಂಡೋಸ್ ದಾಖಲಿಸುವ ಯಂತ್ರಾಂಶ ದೋಷ). ಎಚ್‌ಡಬ್ಲ್ಯುಇನ್ಫೊದ ಸೆನ್ಸರ್ ಪಟ್ಟಿಯಲ್ಲಿ ಇದರ ಎಣಿಕೆ 0 ಇರಬೇಕು. ಏರುತ್ತಿದ್ದರೆ ಯಂತ್ರ ಸ್ಥಿರವಾಗಿಲ್ಲ, ಅಲ್ಲಿಯವರೆಗಿನ ಅಂಕಗಳನ್ನು ನಂಬಬೇಡಿ. ಮೊದಲು ರ‍್ಯಾಮ್ ಪ್ರೊಫೈಲ್ ಆಫ್ ಮಾಡಿ ನೋಡಿ.

ಥರ್ಮಲ್ ಥ್ರಾಟ್ಲಿಂಗ್ (ಬಿಸಿ ಹೆಚ್ಚಾಗಿ ಚಿಪ್ ತಾನೇ ವೇಗ ಇಳಿಸುವುದು) ಸಾಲಿನಲ್ಲಿ ‘ಯೆಸ್’. ಪರೀಕ್ಷೆ ಶುರುವಾದ ಕೆಲವೇ ಸೆಕೆಂಡಿನಲ್ಲಿ 95 ಅಥವಾ 100 ಮುಟ್ಟಿದರೆ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ, ತಿರುಪುಗಳು ನಾಲ್ಕೂ ಸಮನಾಗಿ ಬಿಗಿಯಾಗಿವೆಯೇ ನೋಡಿ.

ಕೆಲವು ನಿಮಿಷದ ನಂತರ ಇಂಟೆಲ್ ವೇಗ ದಿಢೀರ್ ಇಳಿದು, ತಾಪ ಮಾತ್ರ ಕಡಿಮೆಯೇ ಇರುವುದು. ಪಿಎಲ್1 ಮಿತಿಯಾದರೆ ಇಳಿತ ಅರ್ಧ ನಿಮಿಷದ ಆಸುಪಾಸಿನಲ್ಲೇ ಬರುತ್ತದೆ. ತಡವಾಗಿ ಬಂದರೆ ಬೋರ್ಡ್‌ನ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗ) ಕಾದಿದೆ ಎಂದು ಅನುಮಾನಿಸಿ. ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್‌ಗಳಲ್ಲಿ ಇದು ಕಾಣುತ್ತದೆ.

ಸಿಪಿಯು-ಝಡ್‌ನಲ್ಲಿ ಬೇರೆ ಹೆಸರು. ಪೆಟ್ಟಿಗೆ, ಬಿಲ್, ಸಿಪಿಯು-ಝಡ್ ಮೂರರಲ್ಲೂ ಮಾದರಿ ಸಂಖ್ಯೆ ಒಂದೇ ಇರಬೇಕು. ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ನೋಡಿ. ಬಾಕ್ಸ್ ಪೀಸ್‌ಗೆ ಕಂಪನಿಯ 3 ವರ್ಷದ ವಾರಂಟಿ ಇರುತ್ತದೆ. ಪೆಟ್ಟಿಗೆಯಿಲ್ಲದ ಟ್ರೇ ಪೀಸ್‌ಗೆ ಸಾಮಾನ್ಯವಾಗಿ ಮಾರಿದವರೇ ಹೊಣೆ, ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಎಎಂ5, ಎಲ್‌ಜಿಎ1700 ಎರಡರಲ್ಲೂ ಪಿನ್‌ಗಳಿರುವುದು ಬೋರ್ಡ್‌ನ ಸಾಕೆಟ್‌ನಲ್ಲಿ. ಹೋಲಿಕೆಗೆಂದು ಚಿಪ್ ಹಾಕಿ ತೆಗೆಯುವಾಗ ಪ್ರತಿ ಸಲವೂ ಸಾಕೆಟ್‌ನ ಫೋಟೊ ತೆಗೆದಿಡಿ. ಚಿಪ್ ಹೊರಗಿರುವಷ್ಟು ಹೊತ್ತೂ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಸಾಕೆಟ್ ಮೇಲಿರಲಿ. ಬಾಗಿದ ಪಿನ್‌ಗೆ ವಾರಂಟಿ ಸಿಗುವುದಿಲ್ಲ, ಮತ್ತು ಆ ಮುಚ್ಚಳ ಇಲ್ಲದೆ ಬೋರ್ಡ್ ವಾಪಸ್ ತೆಗೆದುಕೊಳ್ಳಲು ಸರ್ವಿಸ್ ಸೆಂಟರ್‌ನವರು ತಕರಾರು ಮಾಡಬಹುದು.